ದೃಶ್ಯಕಾದಂಬರಿಯ ರಚನೆ ಮತ್ತು ಅದಕ್ಕೊದಗುವ ವಿಘ್ನಗಳು

'ಕಾದಂಬರಿ' ಎಂಬ ಶಬ್ದವು ಇಂದು ಕನ್ನಡದಲ್ಲಿ ಒಂದು ಸಾಹಿತ್ಯಪ್ರಕಾರದ ಹೆಸರಾಗಿ ರೂಢವಾಗಿದೆ. ಮೂಲದಲ್ಲಿ ಅದು ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದ ಹೆಸರು. ಆ ಕಾವ್ಯದ ನಾಯಿಕೆಯ ಹೆಸರು. ಬಾಣನು ಅದನ್ನು ಮುಗಿಸಲಿಲ್ಲ. ನಡುವೆಯೇ ಅವನು ಕಾಲವಶನಾಗಲು, ಉಳಿದ ಭಾಗವನ್ನು ಅವನ ಮಗನು ಬರೆದು ಪೂರ್ಣಗೊಳಿಸಿದನು. ಮುಂದೆ ಒಂದನೆಯ ನಾಗವರ್ಮನು ಅದನ್ನು ಕನ್ನಡದಲ್ಲಿ ಚಂಪೂಕಾವ್ಯವನ್ನಾಗಿ ರಚಿಸಿದನು. ದೊಡ್ಡ ಕಥೆ ಎಂದೊಡನೆ ನಮ್ಮ ಬಾಯಿಗೆ ಬರುವ ಹೆಸರು ಕರ್ತೃವಿನ ಕೈಯಲ್ಲಿ ಅಪೂರ್ಣವಾಗಿ ಉಳಿದ ಗ್ರಂಥವೊಂದರದು ಎಂಬುದನ್ನು ವಿದ್ಯಾರ್ಥಿಗಳು ಆರಂಭದಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಪ್ರಕೃತ ವಿಷಯವಾದ ದೃಶ್ಯಕಾದಂಬರಿಯೂ ಬಹುಮಟ್ಟಿಗೆ ಅರ್ಧದಲ್ಲಿ ನಿಲ್ಲುವ ಸ್ವಭಾವದ್ದು.

ದೃಶ್ಯಕಾದಂಬರಿ, ಎಂದರೆ ಈಗಿನವರು ವಿಷುಯಲ್ ನಾವೆಲ್ ಎಂದು ಕರೆಯುವುದು, ಗಣಕಯಂತ್ರದ ಅಥವಾ ಮೊಬೈಲಿನ ತೆರೆಯ ಮೇಲೆ ನಡೆಯುವ ಒಂದು ಬಗೆಯ ಆಟ. ಆಟವೆಂದ ಮಾತ್ರಕ್ಕೆ ಓಟ, ಹೊಡೆದಾಟಗಳು ಇಲ್ಲಿರಬೇಕಾಗಿಲ್ಲ. ಹಿನ್ನೆಲೆಯಲ್ಲಿ ಒಂದು ಸ್ಥಳದ ಚಿತ್ರ, ಅದರ ಮುಂದೆ ಪಾತ್ರದ ಚಿತ್ರ, ತೆರೆಯ ಕೆಳಭಾಗದಲ್ಲಿ ಆ ಪಾತ್ರದ ಮಾತು. ಇವಕ್ಕೆ ಹೊಂದುವ ಸಂಗೀತ. ಓದುಗನು ಒಂದೊಂದು ಮಾತನ್ನು ಓದಿ ಮುಂದೆ ಸರಿಯುತ್ತಾನೆ. ಅಲ್ಲಲ್ಲಿ 'ಈಗ ನೀನೇನು ಮಾಡುವೆ?' ಎಂಬ ಪ್ರಶ್ನೆ ಎದುರಾಗುತ್ತದೆ. ಅವನು ಆರಿಸಿದ ಉತ್ತರಕ್ಕೆ ತಕ್ಕಂತೆ ಕಥೆ ಬೇರೆ ದಾರಿ ಹಿಡಿಯುತ್ತದೆ. ಕಾವ್ಯ, ಚಿತ್ರ, ನಾಟಕ, ಗೀತ ಇವು ನಾಲ್ಕೂ ಒಂದೆಡೆ ಸೇರಿ, ಅವುಗಳೊಡನೆ ಓದುಗನ ಇಚ್ಛೆಯೂ ಸೇರಿದರೆ ದೃಶ್ಯಕಾದಂಬರಿಯಾಯಿತು.

ಚಿತ್ರವೂ ಅಕ್ಷರವೂ ಕೂಡಿ ಕಥೆ ಹೇಳುವುದು ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಿತ್ತಯ್ಯನೆಂಬ ವೀರನ ಆಕೃತಿ ಅದರ ಮೇಲಿದೆ; ಅವನು ಹೋರಾಡಿ ಮಡಿದ ವೃತ್ತಾಂತ ಹಳಗನ್ನಡ ಅಕ್ಷರಗಳಲ್ಲಿದೆ; ಹೆಬ್ಬಾಳದ ಹಳೆಯ ಹೆಸರೂ ಅದರಲ್ಲಿ ಬಂದಿದೆ. ಮುಂದಿನ ಶತಮಾನಗಳ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಓದುವವನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದನ್ನು ಕಲ್ಲಿನ ಮೇಲಿನ ದೃಶ್ಯಕಥೆಯೆಂದರೆ ಅತಿಶಯೋಕ್ತಿಯಾಗದು. ಓದುಗನಿಗೆ ಆಯ್ಕೆ ಮಾತ್ರ ಅಲ್ಲಿಲ್ಲ. ವೀರನು ತನ್ನ ಆಯ್ಕೆಯನ್ನು ಆಗಲೇ ಮಾಡಿ ಮುಗಿಸಿರುತ್ತಾನೆ. ಇದೇ ಹೆಬ್ಬಾಳಕ್ಕೆ ಸಮೀಪದ ಯಲಹಂಕದಲ್ಲಿ 1996ರಲ್ಲಿ ಸ್ಥಾಪನೆಯಾದ ಸೃಷ್ಟಿ ಕಲಾಶಾಲೆಯಿದ್ದು, ಚಿತ್ರ, ವಿನ್ಯಾಸಗಳನ್ನು ಕಲಿಯುವ ತರುಣರು ಈ ಭಾಗದಲ್ಲಿ ವಿರಳರಲ್ಲ. ಆದುದರಿಂದ ಈ ಹೊಸ ಪ್ರಕಾರದ ವಿಚಾರ ಇಲ್ಲಿಯ ವಿದ್ಯಾರ್ಥಿಗಳಿಗೆ ದೂರದ ಮಾತಲ್ಲ.

ಈ ಪ್ರಕಾರ ಬೆಳೆದುದು ಜಪಾನಿನಲ್ಲಿ, ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ. ಅಲ್ಲಿಂದ ಅದು ಹೊರನಾಡುಗಳಿಗೆ ಹರಡುವುದಕ್ಕೆ ಬಹುವಾಗಿ ನೆರವಾದುದು 'ರೆನ್‌ಪೈ' ಎಂಬ ಸಾಧನ. ಟಾಮ್ ರಾಥಮೆಲ್ ಎಂಬವರು 2004ರಲ್ಲಿ ಇದನ್ನು ಮೊದಲು ಹೊರತಂದರು. ಯಾರು ಬೇಕಾದರೂ ಹಣ ಕೊಡದೆ ಪಡೆದು ಬಳಸಬಹುದು. ನಾಟಕದ ಹಸ್ತಪ್ರತಿಯಂತೆ ಪಾತ್ರದ ಹೆಸರು, ಅದರ ಮುಂದೆ ಮಾತು ಬರೆಯುತ್ತ ಹೋದರೆ ಯಂತ್ರವು ಅದನ್ನು ತೆರೆಯ ಮೇಲೆ ಆಡಿಸುತ್ತದೆ. ದೊಡ್ಡ ಕಂಪನಿಯ ಆಶ್ರಯವಿಲ್ಲದೆ ಒಬ್ಬಿಬ್ಬರು ಸ್ವತಂತ್ರವಾಗಿ ಒಂದು ಕೃತಿಯನ್ನು ಕಟ್ಟಲು ಸಾಧ್ಯವಾದುದು ಹೀಗೆ. ಆದರೆ ಕಟ್ಟಲು ಸಾಧ್ಯವೆಂಬುದು ಬೇರೆ, ಕಟ್ಟಿ ಮುಗಿಸುವುದು ಬೇರೆ.

ಮೊದಲನೆಯ ವಿಘ್ನ ನಿರ್ಮಾಪಕನ ಆಸೆಯಿಂದಲೇ ಹುಟ್ಟುತ್ತದೆ. ಓದುಗನಿಗೆ ಪ್ರತಿಯೊಂದು ತಿರುವಿನಲ್ಲಿಯೂ ಎರಡು ದಾರಿಗಳಿರಲಿ ಎಂದು ಅವನು ಬಯಸುತ್ತಾನೆ. ಒಂದು ತಿರುವಿಗೆ ಎರಡು ದಾರಿ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಹತ್ತು ತಿರುವುಗಳಾಗುವಷ್ಟರಲ್ಲಿ 1024 ಮುಕ್ತಾಯಗಳು ಬಾಯ್ದೆರೆದು ನಿಂತಿರುತ್ತವೆ. ಒಂದೊಂದಕ್ಕೆ ಒಂದೇ ಪುಟ ಬರೆದರೂ ಸಾವಿರ ಪುಟದ ಗ್ರಂಥ. ಅದರಲ್ಲಿ ಒಬ್ಬ ಓದುಗನ ಕಣ್ಣಿಗೆ ಬೀಳುವುದು ಒಂದು ಪುಟ ಮಾತ್ರ. ಲೆಕ್ಕವನ್ನು ಮೊದಲೇ ಮಾಡದವನು ಎರಡನೆಯ ವರ್ಷದಲ್ಲಿ ಕೈಚೆಲ್ಲಿ ಕೂರುವುದು ಅನಿವಾರ್ಯ. ಬಲ್ಲವರು ದಾರಿಗಳನ್ನು ಕವಲೊಡೆಸಿದ ಮೇಲೆ ಮತ್ತೆ ಕೂಡಿಸುತ್ತಾರೆ. ಮಾತಿನ ಬಗೆ, ಪಾತ್ರದ ಮನೋಭಾವ ಬದಲಾಗುತ್ತದೆ. ಕಥೆಯ ಮುಖ್ಯಪ್ರವಾಹ ಒಂದೇ ಆಗಿರುತ್ತದೆ. ಹೊಳೆಯ ನಡುಗಡ್ಡೆಯನ್ನು ಬಳಸಿಹೋದ ಎರಡು ಕವಲುಗಳು ಮುಂದೆ ಕೂಡಿಕೊಳ್ಳುವಂತೆ. ಅದಕ್ಕೂ ಮಿಗಿಲಾದ ಉಪಾಯ ಕೃತಿಯ ಎಲ್ಲೆಯನ್ನೇ ಕಿರಿದುಮಾಡುವುದು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಮಹಾಭಾರತದ ಪರ್ವಗಳು ಹದಿನೆಂಟಾದರೂ ಕುಮಾರವ್ಯಾಸನು ಹೇಳಿದುದು ಮೊದಲ ಹತ್ತನ್ನು ಮಾತ್ರ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಹೇಳಿದನು. ಹತ್ತೇ ಪರ್ವ ಹೇಳಿದನೆಂದು ಗದುಗಿನ ಕವಿಯನ್ನು ಕಡಮೆ ಎಣಿಸಿದವರಿಲ್ಲ.

ಎಲ್ಲೆಯನ್ನು ಕಿರಿದುಮಾಡಿ ಗೆದ್ದವರಿಗೆ ಜಪಾನಿನಲ್ಲಿಯೇ ಒಂದು ನಿದರ್ಶನವಿದೆ. 'ರ್ಯೂಕಿಶಿ07' ಎಂಬ ಕಾವ್ಯನಾಮದ ಲೇಖಕರು ಸರ್ಕಾರಿ ನೌಕರಿಯಲ್ಲಿದ್ದವರು. ಅವರು ಬರೆದಿದ್ದ ನಾಟಕವೊಂದು ಆಯ್ಕೆಯಾಗದೆ ಹಿಂದಿರುಗಿತು. ಆ ತಿರಸ್ಕೃತ ನಾಟಕದ ವಸ್ತುವನ್ನೇ ಹಿಗ್ಗಿಸಿ ಅವರು 'ಹಿಗುರಾಶಿ' ಎಂಬ ದೃಶ್ಯಕಾದಂಬರಿಯನ್ನು ತಮ್ಮ ಕೆಲವೇ ಜನ ಸಂಗಡಿಗರೊಡನೆ ರಚಿಸಿ, 2002ರ ಆಗಸ್ಟಿನಲ್ಲಿ ಟೋಕಿಯೋದ ಕಾಮಿಕ್ ಮಾರ್ಕೆಟ್ ಎಂಬ ಹವ್ಯಾಸಿಗಳ ಸಂತೆಯಲ್ಲಿ ಅದರ ಮೊದಲ ಭಾಗವನ್ನು ಮಾರಿದರು. ಆಗ ಕೊಂಡವರು ಕೆಲವರೇ. ಅವರಿಗೆ ಚಿತ್ರ ಬರೆಯುವ ಕೌಶಲ ಅಷ್ಟಾಗಿ ಇರಲಿಲ್ಲ. ಅವರ ಪಾತ್ರಗಳ ಕೈಗಳು ಕೈಚೀಲ ತೊಟ್ಟಂತೆ ಕಾಣುತ್ತವೆಂಬುದು ಓದುಗರ ನಡುವೆ ಇಂದಿಗೂ ನಗೆಯ ಮಾತು. ಹಿನ್ನೆಲೆಗೆ ಛಾಯಾಚಿತ್ರಗಳನ್ನು ತಿದ್ದಿ ಬಳಸಿದರು. ಆಯ್ಕೆಯ ಕವಲುಗಳನ್ನು ತೆಗೆದೇಹಾಕಿ, ಒಗಟನ್ನು ಬಿಡಿಸುವ ಹೊಣೆಯನ್ನು ಓದುಗನ ಬುದ್ಧಿಗೆ ಬಿಟ್ಟರು. ಇಷ್ಟೆಲ್ಲ ಕೊರತೆಗಳನ್ನು ಒಪ್ಪಿಕೊಂಡುದರಿಂದಲೇ 2006ರ ಹೊತ್ತಿಗೆ ಎಂಟು ಭಾಗಗಳೂ ಮುಗಿದವು. ಭಾಗದಿಂದ ಭಾಗಕ್ಕೆ ಓದುಗರು ಹೆಚ್ಚಿದರು. ಮುಂದೆ ಅದು ದೂರದರ್ಶನದ ಧಾರಾವಾಹಿಯೂ ಆಯಿತು. ಕಥೆ ಭಯಾನಕ ರಸದ್ದಾದ್ದರಿಂದ ಎಳೆಯರ ಕೈಗೆ ಕೊಡತಕ್ಕುದಲ್ಲ. ಆದರೆ ಅದರ ನಿರ್ಮಾಣದ ಚರಿತ್ರೆಯನ್ನು ಯಾರು ಬೇಕಾದರೂ ಓದಬಹುದು.

ಕನ್ನಡದಲ್ಲಿ ಈ ಕೆಲಸಕ್ಕೆ ಕೈಹಾಕುವವನಿಗೆ ಜಪಾನಿನವರಿಗೂ ಇಂಗ್ಲಿಷಿನವರಿಗೂ ಇಲ್ಲದ ಎರಡು ತೊಡಕುಗಳಿವೆ. ಇವನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕುದು.

ಒಂದನೆಯದು ಲಿಪಿಯದು. ಗಣಕಯಂತ್ರಗಳ ಸಾರ್ವತ್ರಿಕ ಸಂಕೇತವಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲನೆಯ ಆವೃತ್ತಿಯಲ್ಲಿಯೇ ಸ್ಥಾನ ದೊರೆಯಿತು. ಆದರೆ ಸಂಕೇತವಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರದೊಳಗೆ ಅದು ಸಕಾರ, ಹಲಂತಚಿಹ್ನೆ, ತಕಾರ, ಮತ್ತೊಂದು ಹಲಂತಚಿಹ್ನೆ, ರಕಾರ, ದೀರ್ಘ ಈಕಾರದ ಚಿಹ್ನೆ ಎಂದು ಆರು ಸಂಕೇತಗಳ ಸಾಲು. ಈ ಆರನ್ನೂ ಕೂಡಿಸಿ, ತಕಾರ ರಕಾರಗಳನ್ನು ಒತ್ತಾಗಿ ಕೆಳಗಿಳಿಸಿ, ಒಂದು ಆಕೃತಿಯನ್ನು ಮಾಡಿಕೊಡುವ ಅಂಗ ಯಂತ್ರದಲ್ಲಿ ಪ್ರತ್ಯೇಕವಾಗಿರಬೇಕು. 'ಧರ್ಮ' ಎಂಬಲ್ಲಿ ಉಚ್ಚಾರಣೆಯಲ್ಲಿ ಮೊದಲು ಬರುವ ರೇಫೆಯನ್ನು ಬರೆವಣಿಗೆಯಲ್ಲಿ ಮಕಾರದ ಬಲಕ್ಕೆ ಅರ್ಕಾವೊತ್ತಾಗಿ ಕೂರಿಸುವುದೂ ಅದೇ ಅಂಗದ ಕೆಲಸ. ರೆನ್‌ಪೈ ಸಾಧನದ ಹಳೆಯ ಆವೃತ್ತಿಗಳಲ್ಲಿ ಈ ಅಂಗವಿರಲಿಲ್ಲ. ತಿಂಗಳುಗಟ್ಟಲೆ ದುಡಿದು ಬರೆದ ಸಂಭಾಷಣೆಯನ್ನು ತೆರೆಯ ಮೇಲೆ ತಂದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಾಡಿ ಬೀಳುತ್ತಿದ್ದವು. ಬರಹವನ್ನೇ ಚಿತ್ರವಾಗಿ ಅಂಟಿಸುವ ಉಪಾಯವೊಂದುಂಟು. ಆದರೆ ಒಂದು ಕಾಗುಣಿತ ತಿದ್ದಬೇಕಾದರೂ ಚಿತ್ರವನ್ನು ಹೊಸದಾಗಿ ಮಾಡಬೇಕು. 2023ರಲ್ಲಿ ಬಂದ ಆವೃತ್ತಿಯಿಂದೀಚೆಗೆ 'ಹಾರ್ಫ್‌ಬಜ್' ಎಂಬ ಅಕ್ಷರಸಂಯೋಜಕವನ್ನು ಆ ಸಾಧನದಲ್ಲಿ ಸೇರಿಸಿರುವುದರಿಂದ ಭಾರತೀಯ ಲಿಪಿಗಳ ಈ ಕಷ್ಟ ಬಹಳಮಟ್ಟಿಗೆ ನೀಗಿದೆ. ಹಳೆಯ ಆವೃತ್ತಿಯಲ್ಲಿ ಸೋತು ಕೆಲಸ ಬಿಟ್ಟವರು ಯಾರಾದರೂ ಇದ್ದರೆ ಅವರ ಸೋಲು ಅವರ ತಪ್ಪಿನಿಂದಾದುದಲ್ಲ. ಸಾಧನದ ದೋಷವಾವುದು, ತನ್ನ ದೋಷವಾವುದು ಎಂದು ಬೇರ್ಪಡಿಸಿ ನೋಡದೆ ಎಲ್ಲವನ್ನೂ ತನ್ನ ಅಸಾಮರ್ಥ್ಯವೆಂದು ತಲೆಯ ಮೇಲೆ ಹೊತ್ತುಕೊಳ್ಳುವುದು ತರುಣರಲ್ಲಿ ಸಾಮಾನ್ಯ. ಅದರಿಂದ ಕೆಟ್ಟ ಕೃತಿಗಳಿಗಿಂತ ಹೆಚ್ಚಾಗಿ ಒಳ್ಳೆಯ ಕೃತಿಗಳೇ ನಿಂತುಹೋಗುತ್ತವೆ.

ಎರಡನೆಯ ತೊಡಕು ವ್ಯಾಕರಣದ್ದು. ಇದನ್ನು ಯಾವ ಯಂತ್ರವೂ ತಾನಾಗಿ ನೀಗಿಸಲಾರದು. ಇಂಥ ಆಟಗಳಲ್ಲಿ ಓದುಗನ ಹೆಸರನ್ನು ಮೊದಲೇ ಕೇಳಿಕೊಂಡು, ಕಥೆಯ ಮಾತುಗಳ ನಡುವೆ ಅದನ್ನು ಸೇರಿಸುವ ಪದ್ಧತಿಯಿದೆ. ಇಂಗ್ಲಿಷಿನಲ್ಲಿ ಹೆಸರು ಯಾವುದಾದರೂ ಅದರ ರೂಪ ಕೆಡುವುದಿಲ್ಲ. ಹಿಂದೆ ಒಂದು ಉಪಸರ್ಗವನ್ನಿಟ್ಟರೆ ಸಾಕು. ಜಪಾನೀ ಭಾಷೆಯಲ್ಲಿಯೂ ಹೆಸರಿನ ಮುಂದೆ ಪ್ರತ್ಯಯದಂತಹ ಪದವೊಂದು ಬಂದು ನಿಲ್ಲುತ್ತದೆ. ಹೆಸರು ಹಾಗೆಯೇ ಉಳಿಯುತ್ತದೆ. ಕನ್ನಡದ ರೀತಿ ಬೇರೆ. ಖಾಲಿ ಬಿಟ್ಟ ಸ್ಥಳದ ಮುಂದೆ 'ಗೆ' ಎಂದು ಬರೆದಿಟ್ಟರೆ, 'ರವಿ' ಎಂಬ ಹೆಸರು ಬಂದಾಗ 'ರವಿಗೆ' ಎಂದು ಸರಿಯಾಗಿ ಕಾಣುತ್ತದೆ. 'ಸೀತೆ' ಬಂದರೆ 'ಸೀತೆಗೆ' ಎಂದೂ ಸರಿಯೇ. 'ರಾಮ' ಬಂದೊಡನೆ 'ರಾಮಗೆ' ಎಂದಾಗುತ್ತದೆ. ಹಳೆಯ ಕಾವ್ಯದಲ್ಲಿ ಒಪ್ಪಬಹುದಾದ ಈ ರೂಪ ಇಂದಿನ ಸಂಭಾಷಣೆಯಲ್ಲಿ ಒಪ್ಪದು, 'ರಾಮನಿಗೆ' ಎಂದಾಗಬೇಕು. 'ಗುರು' ಎಂಬುದು 'ಗುರುವಿಗೆ' ಎಂದಾಗಬೇಕು. 'ಕಾವ್ಯ' ಎಂಬ ಹುಡುಗಿಯ ಹೆಸರು 'ರಾಮ'ನಂತೆಯೇ ಅಕಾರಾಂತವಾದರೂ 'ಕಾವ್ಯನಿಗೆ' ಎನ್ನುವಂತಿಲ್ಲ; 'ಕಾವ್ಯಳಿಗೆ' ಎನ್ನಬೇಕು. ಅಂದರೆ ಹೆಸರಿನ ಕೊನೆಯ ಸ್ವರವೊಂದನ್ನು ತಿಳಿದರೆ ಸಾಲದು, ಲಿಂಗವೂ ತಿಳಿಯಬೇಕು. 'ಕಿರಣ್' ಎಂದು ವ್ಯಂಜನಾಂತವಾಗಿ ಬರೆದುಕೊಳ್ಳುವವರ ಸಂಗತಿ ಮತ್ತೊಂದು. ಇನ್ನು ಸ್ಥಳದ ಹೆಸರುಗಳನ್ನೂ ಹೀಗೆಯೇ ತುಂಬಲು ಹೊರಟರೆ 'ಊರು' ಎಂಬುದು 'ಗುರು'ವಿನಂತೆ ಉಕಾರಾಂತವಾಗಿ ಕಂಡರೂ 'ಊರುವಿಗೆ' ಆಗದೆ 'ಊರಿಗೆ' ಆಗುತ್ತದೆ. ಅಲ್ಲಿಯ ಉಕಾರ ಲೋಪವಾಗತಕ್ಕುದು, ಇಲ್ಲಿಯದು ನಿಲ್ಲತಕ್ಕುದು.

ಪರಿಹಾರ ಹದಿಮೂರನೆಯ ಶತಮಾನದ 'ಶಬ್ದಮಣಿದರ್ಪಣ'ದಿಂದ ಮೊದಲಾಗಿ ನಮ್ಮ ವ್ಯಾಕರಣಗಳು ವಿವರಿಸುತ್ತ ಬಂದಿರುವ ನಿಯಮಗಳಲ್ಲಿಯೇ ಇದೆ. ಇಕಾರ, ಎಕಾರಗಳ ಮುಂದೆ ಸ್ವರ ಬಂದರೆ ಯಕಾರಾಗಮ: ರವಿಯನ್ನು, ಸೀತೆಯನ್ನು. ಉಕಾರದ ಮುಂದೆ ವಕಾರಾಗಮ: ಗುರುವನ್ನು. ಅಕಾರಾಂತ ಪುಲ್ಲಿಂಗಕ್ಕೆ ನಕಾರ, ಸ್ತ್ರೀಲಿಂಗಕ್ಕೆ ಳಕಾರ ನಡುವೆ ಬರುತ್ತವೆ: ರಾಮನನ್ನು, ಕಾವ್ಯಳನ್ನು. ಇಂಥ ನಿಯಮಗಳನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದುಕೊಡುವುದು ಅಸಾಧ್ಯವಲ್ಲ; ರೆನ್‌ಪೈ ಸಾಧನವು ಪೈಥಾನ್ ಎಂಬ ಗಣಕಭಾಷೆಯ ಮೇಲೆ ನಿಂತಿರುವುದರಿಂದ ಅದಕ್ಕೆ ಎಡೆಯೂ ಇದೆ. ಓದುಗನಿಂದ ಹೆಸರಿನ ಜೊತೆಗೆ, ತನ್ನನ್ನು ಹೇಗೆ ಸಂಬೋಧಿಸಬೇಕೆಂಬುದನ್ನೂ ಕೇಳಿಕೊಂಡರೆ ಉಳಿದುದು ಸುಲಭ. ನಿಯಮಕ್ಕೆ ಸಿಕ್ಕದ ಹೆಸರುಗಳಿಗೆ ವಿಭಕ್ತಿರೂಪಗಳ ಒಂದು ಪಟ್ಟಿಯನ್ನು ಕೈಯಿಂದಲೇ ಬರೆದಿಡಬೇಕು. ಇದೆಲ್ಲ ಬೇಡವೆನ್ನುವವನು ನಾಯಕನಿಗೆ ತಾನೇ ಒಂದು ಹೆಸರಿಟ್ಟುಬಿಡುವುದು ಲೇಸು. ಪ್ರೌಢಶಾಲೆಯಲ್ಲಿ ಸಂಧಿ, ವಿಭಕ್ತಿಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಹುಡುಗರಿಗೆ, ಇವು ನಾಳೆ ಯಂತ್ರದ ಮುಂದೆ ಕುಳಿತಾಗ ಬೇಕಾಗುತ್ತವೆಂದು ಯಾರೂ ಹೇಳಿರುವುದಿಲ್ಲ.

ಈ ತೊಡಕಿನಲ್ಲಿಯೇ ಒಂದು ಲಾಭವೂ ಅಡಗಿದೆ. ಇಂಗ್ಲಿಷಿನಲ್ಲಿ ಎದುರಿನವನಿಗೆ ಒಂದೇ ಸರ್ವನಾಮ; ಕನ್ನಡದಲ್ಲಿ 'ನೀನು', 'ನೀವು' ಎಂದು ಎರಡು. ಕಥೆಯ ಮೊದಲಲ್ಲಿ 'ಬನ್ನಿ, ಕೂತುಕೊಳ್ಳಿ' ಎನ್ನುತ್ತಿದ್ದ ಪಾತ್ರವೊಂದು, ಓದುಗನ ಆಯ್ಕೆಯ ಫಲವಾಗಿ ಒಂದು ಗಳಿಗೆಯಲ್ಲಿ 'ಬಾ, ಕೂತುಕೋ' ಎಂದರೆ, ಅವರ ಸಂಬಂಧ ಬದಲಾಯಿತೆಂದು ಬೇರೆ ವಿವರಿಸಬೇಕಾಗಿಲ್ಲ. ಅದೇ ಮಾತನ್ನು ಸಿಟ್ಟಿನಲ್ಲಿ ಆಡಿದರೆ ಅರ್ಥ ತಲೆಕೆಳಗು. ಆದರೆ ಸಂಭಾಷಣೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಕಡೆಗೆ ಕನ್ನಡಕ್ಕೆ ತಿರುಗಿಸುವವನಿಗೆ ಈ ಲಾಭ ದಕ್ಕದು. ಅಜ್ಜಿಯೂ ಅಂಗಡಿಯವನೂ ಅಧ್ಯಾಪಕರೂ ಒಂದೇ ದನಿಯಲ್ಲಿ ಮಾತನಾಡುವ ಕೃತಿ ಹೊರಬೀಳುತ್ತದೆ. ಪರೀಕ್ಷಾರ್ಥವಾಗಿ ಓದಿದವರು 'ಏನೋ ಸರಿಯಿಲ್ಲ' ಎಂದಷ್ಟೇ ಹೇಳುತ್ತಾರೆ. ಏನೆಂದು ಅವರಿಗೂ ತಿಳಿದಿರುವುದಿಲ್ಲ. ಇದು ಹಣದ ಕೊರತೆಗಿಂತ ಹೆಚ್ಚು ನೋಯಿಸುವ ಹಿನ್ನಡೆ.

ಹಣದ ಮಾತಿಗೆ ಬಂದರೆ, ಬೆಂಗಳೂರಿನ ಆಟನಿರ್ಮಾಣದ ಚರಿತ್ರೆಯೇ ಒಂದು ಹಿನ್ನಡೆಯ ಮೇಲೆ ನಿಂತಿದೆ ಎನ್ನಬಹುದು. ರಾಜೇಶ್ ರಾವ್ ಅವರು 1997ರಲ್ಲಿ ಈ ನಗರದಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆ ದೇಶದ ಮೊದಮೊದಲಿನ ಆಟನಿರ್ಮಾಣ ಸಂಸ್ಥೆಗಳಲ್ಲೊಂದು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಎಂಬ ಪ್ರಕಾಶಕರಿಗಾಗಿ 'ಮಿಷನ್ ಇಂಪಾಸಿಬಲ್' ಚಲನಚಿತ್ರದ ಆಟವನ್ನು ಗಣಕಯಂತ್ರಕ್ಕೆ ಸಿದ್ಧಪಡಿಸುವ ಕೆಲಸ ಅದಕ್ಕೆ ದೊರೆತಿತ್ತು. ಆ ಆಟ ಮಾರುಕಟ್ಟೆಗೆ ಬರುವ ಮೊದಲೇ ಕೈಬಿಟ್ಟುಹೋಯಿತು. ಸಂಸ್ಥೆ ಮುಚ್ಚಲಿಲ್ಲ, ಪರರ ಆಟಗಳಿಗೆ ಚಿತ್ರ, ಆಕೃತಿಗಳನ್ನು ಮಾಡಿಕೊಡುವ ಕಡೆಗೆ ತಿರುಗಿತು. 'ಫೋರ್ಜಾ' ಮೊದಲಾದ ಹೆಸರಾಂತ ಆಟಗಳಲ್ಲಿ ಅದರ ಕೈವಾಡವಿದೆ. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಸುಮಾರು 79 ಲಕ್ಷ ಡಾಲರಿಗೆ ಕೊಂಡು ತನ್ನಲ್ಲಿ ಲೀನಗೊಳಿಸಿಕೊಂಡಿತು. ಇದನ್ನು ಗೆಲುವೆನ್ನಬೇಕೋ ಬೇಡವೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿರಬಹುದು. ನೂರಾರು ಮಂದಿ ಅನ್ನ ಕಂಡರು, ವಿದ್ಯೆ ಕಲಿತರು. ಅದು ದೊಡ್ಡ ಮಾತು. ತಮ್ಮದೇ ಕಥೆಯನ್ನು ಹೇಳಹೊರಟವರು ಪರರ ಕಥೆಗೆ ಬಣ್ಣ ತುಂಬಿದರೆಂಬುದೂ ಸುಳ್ಳಲ್ಲ.

ನೆರೆಯ ಮಹಾರಾಷ್ಟ್ರದ ಪುಣೆಯಲ್ಲಿ 'ರಾಜಿ' ಎಂಬ ಆಟವನ್ನು ಕಟ್ಟಿದ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡದವರು ಬೇರೊಂದು ದಾರಿ ಹಿಡಿದರು. 2017ರಲ್ಲಿ ಅವರು ಕಿಕ್‌ಸ್ಟಾರ್ಟರ್ ಎಂಬ ವೇದಿಕೆಯ ಮೂಲಕ ಸಾರ್ವಜನಿಕರಿಂದ ಹಣ ಕೂಡಿಸಲು ಹೊರಟಾಗ ಗುರಿ ಮುಟ್ಟಲಿಲ್ಲ. ಅಲ್ಲಿಯ ನಿಯಮದಂತೆ ಗುರಿ ಮುಟ್ಟದಿದ್ದರೆ ವಾಗ್ದಾನವಾದ ಹಣದಲ್ಲಿ ಒಂದು ಕಾಸೂ ಕೈಗೆ ಬರುವುದಿಲ್ಲ. ಸಂಸ್ಥಾಪಕರಲ್ಲೊಬ್ಬರಾದ ಶ್ರುತಿ ಘೋಷ್ ತಮ್ಮ ಮನೆಯನ್ನು ಮಾರಿ ಕೆಲಸ ಮುಂದುವರಿಸಿದರು. 2020ರ ಆಗಸ್ಟಿನಲ್ಲಿ ಆಟ ಹೊರಬಂದು ಹೊರದೇಶಗಳಲ್ಲಿಯೂ ಹೆಸರು ಪಡೆಯಿತು. ಮನೆ ಮಾರುವುದು ಎಲ್ಲರೂ ಅನುಕರಿಸತಕ್ಕ ಮಾದರಿಯೆಂದು ಇದನ್ನು ಇಲ್ಲಿ ಹೇಳುತ್ತಿಲ್ಲ. ಮಾರಲು ಮನೆಯಿಲ್ಲದವರೇ ಹೆಚ್ಚು. ದೃಶ್ಯಕಾದಂಬರಿಗೆ ಅಷ್ಟು ಬಂಡವಾಳವೂ ಬೇಕಾಗಿಲ್ಲ. ಸ್ಟೀಮ್ ಎಂಬ ಮಾರಾಟದ ವೇದಿಕೆಯಲ್ಲಿ ಒಂದು ಕೃತಿಯನ್ನಿಡಲು 100 ಡಾಲರು ಕೊಡಬೇಕು. ಮಾರಾಟ 1000 ಡಾಲರು ಮುಟ್ಟಿದರೆ ಅದು ಹಿಂದಿರುಗುತ್ತದೆ. ಇಚ್ ಎಂಬ ಇನ್ನೊಂದು ವೇದಿಕೆಯಲ್ಲಿ ಅದೂ ಬೇಡ. ಮೊದಲ ಅಧ್ಯಾಯವನ್ನು ಮಾತ್ರ ಅಲ್ಲಿಟ್ಟು, ಓದಿದವರು ಎಲ್ಲಿ ಬೇಸತ್ತು ನಿಲ್ಲಿಸಿದರೆಂಬುದನ್ನು ಕೇಳಿ ತಿಳಿದು, ಆಮೇಲೆ ಎರಡನೆಯದನ್ನು ಬರೆಯುವವನಿಗೆ ಪೆಟ್ಟು ಬಿದ್ದರೂ ಸಣ್ಣದು ಬೀಳುತ್ತದೆ.

ಕೆನಡಾದ ಟೊರಾಂಟೋದಲ್ಲಿ ನೆಲಸಿದ ತಮಿಳು ಮೂಲದವರ ಸಣ್ಣ ಕೃತಿ 'ವೆಂಬಾ' 2023ರಲ್ಲಿ ಬಂದಿತು. ಮಾಸಿಹೋದ ಅಡುಗೆಯ ಪುಸ್ತಕವೊಂದನ್ನು ಓದುತ್ತ ಇಡ್ಲಿ ಬೇಯಿಸುವುದು, ಮಗನಿಗೆ ತಾಯಿನುಡಿ ಮರೆಯುತ್ತ ಹೋಗುವುದು, ಇಷ್ಟೇ ಅದರ ವಸ್ತು. ಮರುವರ್ಷ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಚೊಚ್ಚಲ ಕೃತಿಯ ಪ್ರಶಸ್ತಿ ಬಂದಿತು. ದ್ರಾವಿಡ ಭಾಷೆಯೊಂದರ ಮನೆಮಾತು ಈ ಮಾಧ್ಯಮದಲ್ಲಿ ಸಲ್ಲದೆಂದು ಹೇಳುವವರಿಗೆ ಬೇರೆ ಉತ್ತರ ಬೇಕಾಗಿಲ್ಲ.

ಚಿತ್ರವನ್ನೂ ಮಾತನ್ನೂ ಕೂಡಿಸಿ ಮಕ್ಕಳಿಗೆ ಕಥೆ ಹೇಳಹೊರಟ ನಮ್ಮ ನಾಡಿನವರೊಬ್ಬರನ್ನು ಇಲ್ಲಿ ನೆನೆಯದಿದ್ದರೆ ಪಾಠ ಅಪೂರ್ಣವಾದೀತು. ಅನಂತ ಪೈ ಅವರು 1929ರಲ್ಲಿ ಕಾರ್ಕಳದಲ್ಲಿ ಜನಿಸಿದರು. ಎರಡು ವರ್ಷ ತುಂಬುವಷ್ಟರಲ್ಲಿ ತಂದೆತಾಯಿಗಳನ್ನು ಕಳೆದುಕೊಂಡರು. ಮುಂದೆ ಮುಂಬಯಿ ಸೇರಿ ರಾಸಾಯನಿಕ ಶಾಸ್ತ್ರ ಓದಿದರು. ಆ ಶಾಸ್ತ್ರದಲ್ಲಿ ಮನಸ್ಸು ನಿಲ್ಲದೆ 1954ರಲ್ಲಿ 'ಮಾನವ್' ಎಂಬ ಮಕ್ಕಳ ಪತ್ರಿಕೆಯನ್ನು ತೆಗೆದರು. ಅದು ನಡೆಯಲಿಲ್ಲ. ಬಳಿಕ ಅವರು ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಲ್ಲಿ ನೌಕರಿಗೆ ಸೇರಿ, 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸಿನ ಕೆಲಸದಲ್ಲಿ ಪಳಗಿದರು. ಪತ್ರಿಕೆ ಮುಳುಗಿದುದಕ್ಕೂ 'ಅಮರ ಚಿತ್ರಕಥೆ' ಮೊದಲಾದುದಕ್ಕೂ ನಡುವೆ ಹದಿಮೂರು ವರ್ಷಗಳು ಕಳೆದವು. ಈ ಹದಿಮೂರು ವರ್ಷಗಳು ಅವರ ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಯುತ್ತವೆ. ಪರರ ವೇತಾಳನ ಕಥೆಗಳನ್ನು ಅಚ್ಚಿಗೆ ಸಿದ್ಧಮಾಡುತ್ತ ಪುಟದ ಅಳತೆ, ಮಾತಿನ ಗುಳ್ಳೆಯ ಗಾತ್ರ, ಚಿತ್ರಕಾರನೊಡನೆ ವ್ಯವಹರಿಸುವ ಬಗೆ ಇವನ್ನೆಲ್ಲ ಅವರು ಕಲಿತುಕೊಂಡುದು ಆ ಅವಧಿಯಲ್ಲಿ.

1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆಯೊಂದನ್ನು ನೋಡುವಾಗ, ಗ್ರೀಕರ ಪುರಾಣ ಬಲ್ಲ ಹುಡುಗರಿಗೆ ಶ್ರೀರಾಮನ ತಾಯಿಯ ಹೆಸರು ತಿಳಿಯದಿದ್ದುದನ್ನು ಅವರು ಕಂಡ ಪ್ರಸಂಗ ಪ್ರಸಿದ್ಧವಾಗಿದೆ. ಅವರ ಯೋಜನೆಯನ್ನು ಹಲವು ಪ್ರಕಾಶಕರು ಒಪ್ಪಲಿಲ್ಲ. ಕಡೆಗೆ ಇಂಡಿಯಾ ಬುಕ್ ಹೌಸ್ ಒಪ್ಪಿತು. ಆ ಸಂಸ್ಥೆಯ ಬೆಂಗಳೂರಿನ ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ, 1965ರಲ್ಲಿಯೇ, ಪಾಶ್ಚಾತ್ಯ ಮಕ್ಕಳ ಕಥೆಗಳು ಚಿತ್ರಗಳೊಡನೆ ಕನ್ನಡದಲ್ಲಿ ಹೊರಬಂದಿದ್ದವು. ಅವು ಹತ್ತು ಪುಸ್ತಕಗಳು. ರಾಮ್ ವಾಯೀರ್ಕರ್ ಅವರ ಚಿತ್ರಗಳೊಡನೆ ಪೈ ಅವರು ತಂದ ಮೊದಲ ಪುಸ್ತಕ 'ಕೃಷ್ಣ'. ಆರಂಭದ ವರ್ಷಗಳಲ್ಲಿ ಅದರ ಮಾರಾಟ ಮಂದವಾಗಿಯೇ ಇತ್ತು. ಆ ಪುಸ್ತಕದ ಮೇಲೆ ಅಚ್ಚಾದ ಕ್ರಮಸಂಖ್ಯೆ ಒಂದಲ್ಲ, ಹನ್ನೊಂದು. ಮೊದಲ ಹತ್ತು ಸಂಖ್ಯೆಗಳನ್ನು ಬೆಂಗಳೂರಿನ ಆ ಕನ್ನಡ ಪುಸ್ತಕಗಳು ಆಗಲೇ ತೆಗೆದುಕೊಂಡಿದ್ದವು.